ಗಾಡಿಗೆ ಉಸಿರು ಕಟ್ಟಿದಾಗ

ನಮ್ಮ ಗಾಡಿ 2005ರ ಮಾಡೆಲ್. ಜಪಾನಿನದು, 1.8 ಲೀಟರ್ ಪೆಟ್ರೋಲ್, ಆಟೋಮ್ಯಾಟಿಕ್. ಕಂಪೆನಿಯ ಹೆಸರು ಬೇಡ. ಶಾರ್ಜಾದ ಯಾವ ಮರಳು ಪಾರ್ಕಿಂಗಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅಂಥದ್ದೊಂದಕ್ಕೆ ತಾಗುತ್ತದೆ. ರೂಮಿನ ನಾಲ್ವರು ಸೇರಿ ತೆಗೆದುಕೊಂಡದ್ದು. ಮುಲ್ಕಿಯಾ ಕುಂದಾಪುರದ ಅಣ್ಣನ ಹೆಸರಿನಲ್ಲಿ, ವಿಮೆ ಮತ್ತು ಪಾಸಿಂಗ್ ಖರ್ಚು ನಾಲ್ವರ ಜೇಬಿನಿಂದ. ಲೈಸೆನ್ಸ್ ಇರುವುದು ಮೂವರಿಗೆ. ಹುಬ್ಬಳ್ಳಿಯ ತಮ್ಮ ಎರಡು ಸಲ ರೋಡ್ ಟೆಸ್ಟಿನಲ್ಲಿ ಬಿದ್ದಿದ್ದಾನೆ, ಆದರೆ ಗಾಡಿ ಹೆಚ್ಚು ಬೇಕಾಗುವುದು ಅವನಿಗೇ. ಜೆಬೆಲ್ ಅಲಿಯ ಗೋದಾಮಿನಲ್ಲಿ ರಾತ್ರಿ ಪಾಳಿ. ಗಾಡಿ ಇಲ್ಲದಿದ್ದರೆ ಬಸ್ಸು, ಮೆಟ್ರೋ, ಮತ್ತೆ ಬಸ್ಸು ಎಂದು ಹೋಗಲಿಕ್ಕೇ ಎರಡು ಗಂಟೆಗೂ ಹೆಚ್ಚು.

ಕಳೆದ ಚಳಿಗಾಲದ ಒಂದು ರಜೆಯ ದಿನ ಕಲ್ಬಾ ಸಮುದ್ರಕ್ಕೆ ಹೊರಟಿದ್ದೆವು. ಮಲೀಹ ದಾಟಿ ವಾದಿ ಅಲ್ ಹೆಲೊ ಕಡೆಯ ಬೆಟ್ಟ ಬಂದ ಕೂಡಲೇ ಗಾಡಿ ಎಳೆಯುವುದನ್ನು ನಿಲ್ಲಿಸಿತು. ಆಕ್ಸಿಲೇಟರನ್ನು ನೆಲಕ್ಕೆ ಒತ್ತಿದರೂ 60ರ ಮೇಲೆ ಮುಳ್ಳು ಏಳುವುದಿಲ್ಲ. ತುಂಬಿದ ಲಾರಿ ಶಿರಾಡಿ ಘಾಟಿ ಹತ್ತುವ ಹಾಗೆ ನಾವು ಬಲಬದಿಗೆ ಅಂಟಿಕೊಂಡು ಹತ್ತಿದೆವು. ಹಿಂದೆ ಟ್ರೇಲರಿನವನ ಹಾರನ್, ಒಳಗೆ ಏಸಿ ಬಂದ್, ಕಿಟಕಿ ಇಳಿಸಿ ನಾಲ್ವರೂ ಮೌನ. ಏರಿನಲ್ಲಾದರೆ ನಿಧಾನ ಹೋಗಬಹುದು. ನಮಗೆ ನಿಜವಾಗಿ ಹೆದರಿಕೆಯಾದದ್ದು ವಾಪಸು ಬಂದು ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆಗೆ ಸೇರುವಾಗ. ಎಡಗಡೆಯಿಂದ 110, 120ರಲ್ಲಿ ಗಾಡಿಗಳು ನುಗ್ಗುತ್ತಿವೆ, ನಮ್ಮದು 70 ಮುಟ್ಟಲಿಕ್ಕೆ ಒದ್ದಾಡುತ್ತಿದೆ. ಸೇರಿಕೊಂಡೆವು ಎನ್ನುವುದಕ್ಕಿಂತ ಬೇರೆಯವರು ಬ್ರೇಕ್ ಹಾಕಿ ನಮ್ಮನ್ನು ಉಳಿಸಿದರು ಎನ್ನುವುದೇ ಸರಿ.

ಮರುದಿನದಿಂದ ನಾವು ಮಾಡಿದ್ದು, ನಿಮ್ಮಲ್ಲಿ ಬಹಳ ಮಂದಿ ಮಾಡುವುದನ್ನೇ. ಯಾರೋ ಹೇಳಿದರು ಪ್ಲಗ್ ಎಂದು, ನಾಲ್ಕು ಪ್ಲಗ್ ಬದಲಿಸಿದೆವು. ಇನ್ನೊಬ್ಬರು ಏರ್ ಫಿಲ್ಟರ್ ಎಂದರು, ಅದನ್ನೂ ಹಾಕಿದೆವು. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕಿಗೆ ಸುರಿಯುವ ಬಾಟ್ಲಿ ಒಂದಲ್ಲ, ಎರಡು. ಹೀಗೆ 430 ದಿರ್ಹಂ ಹೋಯಿತು, ಗಾಡಿ ಇದ್ದ ಹಾಗೇ ಇತ್ತು. ಕೊನೆಗೆ ಸನಾಯದ ಒಂದು ಗ್ಯಾರೇಜಿಗೆ ಒಯ್ದೆವು. ಅವರು ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ, ಐದು ನಿಮಿಷ ನೋಡಿ, ಬಾನೆಟ್ ಮುಚ್ಚಿ, “ಎಂಜಿನ್ ಖಲಾಸ್” ಎಂದರು. ಕಂಪ್ರೆಷನ್ ಹೋಗಿದೆ, ಹಳೆ ಎಂಜಿನ್ ತಂದು ಕೂರಿಸಬೇಕು, ಕೂಲಿ ಸೇರಿ 4,500 ದಿರ್ಹಂ.

ತಲೆಗೆ ಸಾವಿರದ ನೂರು ಚಿಲ್ಲರೆ. ಹುಬ್ಬಳ್ಳಿಯ ತಮ್ಮ ಆ ತಿಂಗಳು ಊರಿಗೆ ಕಳಿಸಬೇಕಾಗಿದ್ದ ಮೊತ್ತವೂ ಹೆಚ್ಚುಕಮ್ಮಿ ಅಷ್ಟೇ. ತಂಗಿಯ ನರ್ಸಿಂಗ್ ಫೀಸಿನ ಕಂತು. ಅವನು ಏನೂ ಹೇಳಲಿಲ್ಲ, “ನಾ ಬಸ್ಸಿನ್ಯಾಗ ಹೋಗ್ತೀನ್ರಿ, ಗಾಡಿ ಮಾರಿಬಿಡ್ರಿ” ಎಂದಷ್ಟೇ ಹೇಳಿ ಮಲಗಿದ. ಎಳೆಯದ ಗಾಡಿಯನ್ನು ಕೊಳ್ಳುವವರು ಗುಜರಿಯವರು ಮಾತ್ರ.

ಆಗ ಬೆಳ್ತಂಗಡಿಯ ನಮ್ಮ ಗೆಳೆಯನಿಗೆ ನೆನಪಾದದ್ದು ಉಳ್ಳಾಲದ ಕಾಕ. ಮೂವತ್ತು ವರ್ಷ ಇಲ್ಲೇ ಸ್ಪ್ಯಾನರ್ ಹಿಡಿದವರು, ಈಗ ಇನ್ನೊಬ್ಬರ ಶೆಡ್ಡಿನ ಮೂಲೆಯಲ್ಲಿ ಕೂತು ಕೈ ನಡುಗದ ಕೆಲಸ ಮಾತ್ರ ಮಾಡುತ್ತಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಬಾನೆಟ್ ಎತ್ತಲಿಕ್ಕೆ ಹೋದ ನಮ್ಮನ್ನು ತಡೆದು ಅವರು ಕೇಳಿದ ಮೊದಲ ಮಾತು: “ಕಂಪ್ರೆಷನ್ ಹೋಗಿದೆ ಅಂದವರು ಅಳತೆ ಮಾಡಿದ್ರಾ?”

ಮಾಡಿರಲಿಲ್ಲ.

“ಹಾಗಾದ್ರೆ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಕೂತುಕೊಳ್ಳಿ ಮಾರಾಯ್ರೆ, ಸುಲೈಮಾನಿ ಕುಡಿಯುವ.”

ಚಾ ಮುಗಿಯುವವರೆಗೂ ಪ್ರಶ್ನೆಗಳೇ. ಒಮ್ಮೆಲೇ ಆದದ್ದೋ, ಸ್ವಲ್ಪ ಸ್ವಲ್ಪವಾಗಿಯೋ? ಬೆಳಿಗ್ಗೆ ತಣ್ಣಗಿರುವಾಗ ಸರಿ ಓಡುತ್ತದೋ? ನಿಂತಲ್ಲಿ ಎಂಜಿನ್ ನಡುಗುತ್ತದೋ? ಹೊರಡುವಾಗ ತೊಂದರೆಯೋ, ಓಡುತ್ತಿರುವಾಗಲೋ? ಹೊಗೆ ಯಾವ ಬಣ್ಣ? ಎಂಜಿನ್ ಆಯಿಲ್ ಎಷ್ಟು ದಿನಕ್ಕೆ ಕಡಿಮೆಯಾಗುತ್ತದೆ? ನಾವು ನಾಲ್ವರು ನಾಲ್ಕು ಉತ್ತರ ಕೊಟ್ಟೆವು, ಜಗಳವನ್ನೂ ಆಡಿದೆವು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಎರಡು ಮೂರು ತಿಂಗಳಿಂದ ನಿಧಾನವಾಗಿ ಹೆಚ್ಚಾದ ತೊಂದರೆ, ನಿಂತಲ್ಲಿ ಎಂಜಿನ್ ಸಮಾಧಾನವಾಗಿರುತ್ತದೆ, ಹೊರಡುವಾಗ ಪರವಾಗಿಲ್ಲ, 3,000 ಆರ್‌ಪಿಎಂ ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುತ್ತದೆ, ಬಿಸಿಯಾದಷ್ಟೂ ಜಾಸ್ತಿ. ಈ ಐದು ಮಾತಿನಲ್ಲೇ ಕಾಕನಿಗೆ ಅರ್ಧ ಉತ್ತರ ಸಿಕ್ಕಿತ್ತು ಎಂದು ನಮಗೆ ಈಗ ಅನ್ನಿಸುತ್ತದೆ. ಆದರೆ ಅವರು ಬಾಯಿ ಬಿಡಲಿಲ್ಲ.

ಎಂಜಿನ್ನಿಗೆ ಬೇಕಾದದ್ದು ಹೆಚ್ಚೇನಿಲ್ಲ. ಗಾಳಿ ಒಳಗೆ ಹೋಗಬೇಕು, ಪೆಟ್ರೋಲ್ ಸರಿ ಅಳತೆಯಲ್ಲಿ ಬರಬೇಕು, ಸಿಲಿಂಡರಿನೊಳಗೆ ಒತ್ತಡ ನಿಲ್ಲಬೇಕು, ಸರಿಯಾದ ಕ್ಷಣಕ್ಕೆ ಕಿಡಿ ಹಾರಬೇಕು, ಸುಟ್ಟ ಹೊಗೆ ಹೊರಗೆ ಹೋಗಬೇಕು. ಹಳೆ ಗಾಡಿಯ ಪಿಕಪ್ ಹೋಯಿತೆಂದರೆ ಇವುಗಳಲ್ಲಿ ಒಂದು ಕೆಟ್ಟಿದೆ, ಇಲ್ಲವೇ ಎಂಜಿನ್ ಸರಿಯಿದ್ದು ಅದರ ಬಲ ಚಕ್ರಕ್ಕೆ ತಲುಪುತ್ತಿಲ್ಲ. ಕಾಕ ಶುರು ಮಾಡಿದ್ದು ಈ ಕೊನೆಯದರಿಂದ. ನಮ್ಮನ್ನು ಕೂರಿಸಿಕೊಂಡು ರಸ್ತೆಗೆ ಹೋದರು, ಆಕ್ಸಿಲೇಟರ್ ಪೂರ್ತಿ ಒತ್ತಿ ಎರಡೂ ಮುಳ್ಳುಗಳನ್ನು ನೋಡಿದರು. ಆರ್‌ಪಿಎಂ ಮೇಲೆ ಹಾರಿ ವೇಗ ಮಾತ್ರ ಏರದಿದ್ದರೆ ಗೇರ್‌ಬಾಕ್ಸ್ ಜಾರುತ್ತಿದೆ. ಮ್ಯಾನುವಲ್ ಆಗಿದ್ದರೆ ಕ್ಲಚ್. ನಮ್ಮದರಲ್ಲಿ ಆರ್‌ಪಿಎಂಗೇ ಏರಲು ಮನಸ್ಸಿರಲಿಲ್ಲ. ಹಾಗಾಗಿ ಗೇರ್‌ಬಾಕ್ಸ್ ಪಾರಾಯಿತು. ವಾಪಸು ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದರು, ಮುಟ್ಟದೆ. ಬ್ರೇಕ್ ಹಿಡಿದುಕೊಂಡಿದ್ದರೆ ಆ ಚಕ್ರ ಉಳಿದವುಗಳಿಗಿಂತ ಜಾಸ್ತಿ ಸುಡುತ್ತದೆ. ಜ್ಯಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರು. ಎಲ್ಲವೂ ಸಲೀಸು.

ಇದನ್ನು ಓದಿ ನಗಬೇಡಿ. ನಮ್ಮ ಪಕ್ಕದ ಬಿಲ್ಡಿಂಗಿನ ರಾಯಚೂರಿನ ಡ್ರೈವರೊಬ್ಬರು ಕಂಪೆನಿಯ ಪಿಕಪ್‌ಗೆ ಪಿಕಪ್ ಇಲ್ಲ ಎಂದು ಎರಡು ತಿಂಗಳು ಫೋರ್‌ಮನ್ನನ ಬೈಗಳು ತಿಂದರು; ಸರಿ ಓಡಿಸಲಿಕ್ಕೆ ಬರುವುದಿಲ್ಲ ಎಂಬ ಮಾತು ಬೇರೆ. ಕೊನೆಗೆ ಸಿಕ್ಕಿದ್ದು ಹಿಂದಿನ ಒಂದು ಚಕ್ರದಲ್ಲಿ ಸಿಕ್ಕಿಕೊಂಡ ಹ್ಯಾಂಡ್‌ಬ್ರೇಕ್ ಕೇಬಲ್. ಕಂಪೆನಿ ಗಾಡಿ ಓಡಿಸುವವರು ಇಂಥದ್ದನ್ನು ಕಂಡ ದಿನವೇ ಕಿಲೋಮೀಟರ್ ಸಮೇತ ಬರೆದು, ವಾಟ್ಸಾಪಿನಲ್ಲಾದರೂ ಸರಿ, ಮೇಲಿನವರಿಗೆ ಕಳಿಸಿಡುವುದು ಒಳ್ಳೆಯದು. ಬಾಯಿಮಾತಿಗೆ ಇಲ್ಲಿ ಸಾಕ್ಷಿ ಇರುವುದಿಲ್ಲ.

ಆಮೇಲೆ ಕಾಕ ಎಂಜಿನ್ ಬಂದ್ ಮಾಡಿ, ನಮ್ಮಲ್ಲೊಬ್ಬರನ್ನು ಒಳಗೆ ಕೂರಿಸಿ ಆಕ್ಸಿಲೇಟರ್ ಪೂರ್ತಿ ಒತ್ತಲು ಹೇಳಿದರು. ತಾವು ಮುಂದೆ ಗಾಳಿಯ ಪೈಪು ಬಿಚ್ಚಿ ಥ್ರಾಟಲ್ ತಟ್ಟೆ ಎಷ್ಟು ತೆರೆಯುತ್ತದೆ ಎಂದು ಇಣುಕಿದರು. ಹಳೆ ಗಾಡಿಗಳಲ್ಲಿ ಆಕ್ಸಿಲೇಟರ್ ಕೇಬಲ್ ಸಡಿಲಾಗಿ ತಟ್ಟೆ ಅರ್ಧವೇ ತೆರೆಯುವುದುಂಟು. ಕಾಲಡಿಯ ಮ್ಯಾಟ್ ಮಡಚಿ ಪೆಡಲ್ ಅಡಿ ಸಿಕ್ಕಿಕೊಂಡಿರುವುದೂ ಉಂಟು. ಗಾಳಿಯ ಅಳತೆ ಮಾಡುವ ಸೆನ್ಸರಿನ ತಂತಿಯ ಮೇಲೆ ನಮ್ಮ ಊರಿನ ಜೇಡರಬಲೆಯಂಥ ಧೂಳು ಕೂತಿತ್ತು. ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು ಒಣಗಿಸಿದರು. ಬಟ್ಟೆ ಬೆರಳು ಮುಟ್ಟಿಸಬಾರದು, ಆ ತಂತಿ ಕೂದಲೆಳೆಯಷ್ಟೇ. ಸ್ವಲ್ಪ ಹುರುಪು ಬಂತು, ಕಾಯಿಲೆ ಹೋಗಲಿಲ್ಲ.

ಇಲ್ಲಿ ಗಾಳಿಯ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಗಾಡಿ ಮಂದವಾಗುವುದೆಲ್ಲ ರೋಗವಲ್ಲ. 15 ಡಿಗ್ರಿಯ ಬೆಳಗಿಗೂ 45 ಡಿಗ್ರಿಯ ಮಧ್ಯಾಹ್ನಕ್ಕೂ ಹೋಲಿಸಿದರೆ ಅಷ್ಟೇ ಜಾಗದಲ್ಲಿ ಇರುವ ಗಾಳಿಯ ತೂಕ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಜತೆಗೆ ಏಸಿ ಕಂಪ್ರೆಸರನ್ನು ತಿರುಗಿಸುವುದೂ ಅದೇ ಎಂಜಿನ್. ಜೆಬೆಲ್ ಜೈಸ್ ಬೆಟ್ಟ 1,900 ಮೀಟರಿಗೂ ಎತ್ತರ. ಟರ್ಬೊ ಇಲ್ಲದ ಎಂಜಿನ್ 100 ಮೀಟರ್ ಏರಿದಂತೆ ನೂರಕ್ಕೆ ಒಂದರಷ್ಟು ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ನಾಲ್ವರು ಕೂತು, ಏಸಿ ಹಾಕಿ, ಆಗಸ್ಟಿನಲ್ಲಿ ಜೈಸ್ ಹತ್ತಿ ಗಾಡಿ ಮುದಿಯಾಯಿತು ಎಂದು ತೀರ್ಮಾನಿಸಬೇಡಿ. ಸಪಾಟು ರಸ್ತೆಯಲ್ಲಿ ಎಳೆಯದಿದ್ದರೆ ಮಾತ್ರ ಚಿಂತೆ.

ಪೆಟ್ರೋಲ್ ಒತ್ತಡಕ್ಕೆ ಗೇಜ್ ಹಾಕಿದರು. ನಮ್ಮದರಂಥ ಗಾಡಿಗಳಲ್ಲಿ 3 ಬಾರ್ ಆಸುಪಾಸು ಇರಬೇಕು. 3.2 ಇತ್ತು, ರೇಸ್ ಮಾಡಿದರೂ ಕೆಳಗಿಳಿಯಲಿಲ್ಲ. ಪಂಪ್ ಸೋತಿದ್ದರೆ ನಿಂತಲ್ಲಿ ಒತ್ತಡ ತೋರಿಸಿ ಎಳೆಯುವ ಹೊತ್ತಿಗೆ ಕುಸಿಯುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ತಿಂಗಳ ಕೊನೆಯಲ್ಲಿ 20 ದಿರ್ಹಮಿನ ಪೆಟ್ರೋಲಿನಲ್ಲಿ ಕೆಂಪು ದೀಪ ನೋಡುತ್ತಾ ಓಡಿಸುವ ನಮ್ಮಂಥವರ ಗಾಡಿಯಲ್ಲಿ ಅದು ಬೇಗ ಸಾಯಲು ಇದೂ ಒಂದು ಕಾರಣ. ಇನ್ನು ಪೆಟ್ರೋಲಿನ ನಂಬರು. ಇಲ್ಲಿ ಇ-ಪ್ಲಸ್ 91, ಸ್ಪೆಷಲ್ 95, ಸೂಪರ್ 98 ಎಂದು ಸಿಗುತ್ತದೆ. ಕೆಲವು ಫಿಲ್ಸ್ ಉಳಿಸಲು 95 ಕೇಳುವ ಎಂಜಿನ್ನಿಗೆ 91 ಹಾಕಿದರೆ ಏರಿನಲ್ಲಿ ಟಿಕ್‌ಟಿಕ್ ಎಂದು ಮೊಳೆ ಕುಟ್ಟಿದ ಸದ್ದು ಬರುತ್ತದೆ. ಅದನ್ನು ಕೇಳಿಸಿಕೊಂಡ ಸೆನ್ಸರ್ ಕಿಡಿಯ ಸಮಯವನ್ನು ಹಿಂದಕ್ಕೆ ಹಾಕುತ್ತದೆ, ಬಲ ಇಳಿಯುತ್ತದೆ. ಹಾಗೆಯೇ 91 ಸಾಕೆನ್ನುವ ಎಂಜಿನ್ನಿಗೆ 98 ಹಾಕಿ ಕುದುರೆಬಲ ಬಂತು ಎನ್ನುವುದು ಮನಸ್ಸಿನ ಸಮಾಧಾನ. ಯಾವುದು ಬೇಕೆಂದು ಗಾಡಿಯ ಪುಸ್ತಕದಲ್ಲಿ, ಹಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೇ ಬರೆದಿರುತ್ತದೆ.

ಸ್ಕ್ಯಾನರ್ ಚುಚ್ಚಿದಾಗ ಕಾಕನಿಗೂ ಸಿಕ್ಕಿದ್ದು ಮೊದಲ ಗ್ಯಾರೇಜಿನವರಿಗೆ ಸಿಕ್ಕಿದ ಅದೇ ನಂಬರು, ಪಿ 0420. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಸೈಲೆನ್ಸರಿಗೆ ಮುಂಚೆ ಹೊಗೆ ಶುದ್ಧಮಾಡುವ ಡಬ್ಬಿ, ತನ್ನ ಕೆಲಸ ಸರಿ ಮಾಡುತ್ತಿಲ್ಲ ಎಂಬುದು ಅದರ ಅರ್ಥ. ಆ ಡಬ್ಬಿ ಕಟ್ಟಿಕೊಂಡಿದೆ ಎಂದು ಆ ನಂಬರು ಹೇಳುವುದಿಲ್ಲ; ಸೆನ್ಸರ್ ಹಾಳಾದರೂ ಅದೇ ನಂಬರು ಬರಬಹುದು. ಪಿ 0171 ಬಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಎಂದರ್ಥ, ಆದರೆ ಒಡೆದ ರಬ್ಬರ್ ಪೈಪಿನಿಂದಲೂ ಅದು ಬರುತ್ತದೆ, ಕೊಳೆ ಸೆನ್ಸರಿನಿಂದಲೂ, ಸೋತ ಪಂಪಿನಿಂದಲೂ. “ಸ್ಕ್ಯಾನರ್ ಯಾವ ಓಣಿ ಅಂತ ಹೇಳುತ್ತದೆ, ಮನೆ ನಂಬರು ನಾವೇ ಹುಡುಕಬೇಕು” ಎಂದರು ಕಾಕ. ಆ ಸಣ್ಣ ಯಂತ್ರ ಈಗ ಐವತ್ತು ದಿರ್ಹಮಿನ ಒಳಗೂ ಸಿಗುತ್ತದೆ, ಫೋನಿನಲ್ಲೇ ನೋಡಬಹುದು. ರೂಮಿಗೊಂದು ಇಟ್ಟುಕೊಂಡರೆ ನಷ್ಟವಿಲ್ಲ. ಅದರ ಮಾತನ್ನು ತೀರ್ಪೆಂದು ನಂಬಿದರೆ ನಷ್ಟ.

ಮುಂದಿನದು ವ್ಯಾಕ್ಯೂಮ್ ಗೇಜ್, ನಾವು ಅದುವರೆಗೆ ಕಂಡೇ ಇರದ ಸಾಧನ. ಗಡಿಯಾರದಂಥ ಮುಖ, ಒಂದು ರಬ್ಬರ್ ಕೊಳವೆ. ಎಂಜಿನ್ ಗಾಳಿಯನ್ನು ಎಷ್ಟು ಬಲವಾಗಿ ಹೀರುತ್ತದೆ ಎಂದು ಅಳೆಯುತ್ತದೆ. ಸಮುದ್ರಮಟ್ಟದ ಊರಿನಲ್ಲಿ ಆರೋಗ್ಯದ ಎಂಜಿನ್ ನಿಂತಲ್ಲಿ 17ರಿಂದ 21 ಇಂಚು ತೋರಿಸಬೇಕು. ನಮ್ಮದು 18, ಮುಳ್ಳು ಅಲುಗಲಿಲ್ಲ. ಕಾಕ 2,500 ಆರ್‌ಪಿಎಂಗೆ ಏರಿಸಿ ಅಲ್ಲೇ ಹಿಡಿದರು. ಮುಳ್ಳು ಮೊದಲು 20ಕ್ಕೆ ಹೋಯಿತು. ಆಮೇಲೆ ನಮ್ಮ ಕಣ್ಣೆದುರೇ, ಒಂದು ನಿಮಿಷದೊಳಗೆ, 17, 15, 12 ಎಂದು ಇಳಿಯುತ್ತಾ ಬಂತು. ಒಳಗೆ ಎಳೆದುಕೊಂಡ ಉಸಿರು ಹೊರಗೆ ಹೋಗಲಿಕ್ಕೆ ಜಾಗವಿಲ್ಲದೆ ಎದೆಯಲ್ಲೇ ತುಂಬಿಕೊಂಡರೆ ಇನ್ನೊಂದು ಉಸಿರು ಎಳೆಯುವುದು ಹೇಗೆ? ನಿಂತಲ್ಲಿ ಹೊಗೆ ಕಡಿಮೆ, ಹೇಗೋ ನುಸುಳುತ್ತದೆ. ರೇಸ್ ಮಾಡಿದಾಗ ನುಸುಳಲಾಗುವುದಿಲ್ಲ.

ಅಷ್ಟಕ್ಕೂ ಕಾಕ ತೀರ್ಮಾನ ಹೇಳಲಿಲ್ಲ. “ಎಂಜಿನ್ ಖಲಾಸ್ ಅಂದಿದ್ದಾರಲ್ಲ, ಅದನ್ನೂ ನೋಡಿಬಿಡುವ, ಇಲ್ಲಾಂದ್ರೆ ನಿಮಗೆ ರಾತ್ರಿ ನಿದ್ರೆ ಬರ್ಲಿಕ್ಕಿಲ್ಲ.” ಪ್ಲಗ್ ಬಿಚ್ಚಿ, ಪೆಟ್ರೋಲ್ ಬಂದ್ ಮಾಡಿ, ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿಸಿ ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ಅಳೆದರು. 172, 168, 165, 170 ಪಿಎಸ್‌ಐ. ಇಂಥ ಪೆಟ್ರೋಲ್ ಎಂಜಿನ್ನಿಗೆ 150ರ ಮೇಲಿದ್ದು, ಒಂದಕ್ಕೊಂದು ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಭಯವಿಲ್ಲ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುವ ಕ್ರಮವುಂಟು. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನಮಗೆ ಆ ಚಮಚದ ಅಗತ್ಯವೇ ಬೀಳಲಿಲ್ಲ. ಖಲಾಸ್ ಆಗಿದೆ ಎಂದಿದ್ದ ಎಂಜಿನ್ನಿನ ಎದೆ ನಮ್ಮೆಲ್ಲರಿಗಿಂತ ಗಟ್ಟಿ ಇತ್ತು. ಕುಂದಾಪುರದ ಅಣ್ಣ ಆ ನಾಲ್ಕು ಅಂಕಿಗಳನ್ನು ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡರು.

ಗಾಡಿ ತಣಿದ ಮೇಲೆ ಕನ್ವರ್ಟರಿಗೆ ಮುಂಚಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಒತ್ತಡದ ಗೇಜ್ ಕೂರಿಸಿದರು. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಬಾರದು. ನಮ್ಮದು 6 ದಾಟಿತು. ಅಲ್ಲಿಗೆ ತನಿಖೆ ಮುಗಿಯಿತು. ಡಬ್ಬಿ ಬಿಚ್ಚಿ ಟಾರ್ಚ್ ಹಿಡಿದಾಗ ಕಂಡದ್ದು ನಮಗೆ ಇನ್ನೂ ನೆನಪಿದೆ: ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳಿರಬೇಕಾದಲ್ಲಿ ಮುಕ್ಕಾಲು ಭಾಗ ಕರಗಿ, ಬೆಲ್ಲದ ಅಚ್ಚಿನಂತೆ ಗಟ್ಟಿ ಕಟ್ಟಿತ್ತು.

ಯೋಚಿಸಿ ನೋಡಿ. 4,500 ಕೊಟ್ಟು ಎಂಜಿನ್ ಬದಲಿಸಿದ್ದರೂ ಇದೇ ಡಬ್ಬಿಯನ್ನು ಅದಕ್ಕೆ ಜೋಡಿಸುತ್ತಿದ್ದರು, ಹೊಸದಾಗಿ ಬಂದ ಎಂಜಿನ್ನೂ ಇದೇ ಏರಿನಲ್ಲಿ ಹೀಗೇ ಏದುಸಿರು ಬಿಡುತ್ತಿತ್ತು.

“ಇದು ತನ್ನಷ್ಟಕ್ಕೆ ಕರಗುವುದಿಲ್ಲ,” ಎಂದು ಕಾಕ ನಮ್ಮ ಮುಖ ನೋಡಿದರು. “ಚೆಕ್ ಎಂಜಿನ್ ದೀಪ ಮಿಣುಕಿದ್ದು ಯಾವಾಗ?”

ಅಲ್ಲಿ ನಾವು ನಾಲ್ವರೂ ನೆಲ ನೋಡಿದೆವು. ಆರು ತಿಂಗಳ ಹಿಂದೆ ಮೂರನೇ ಸಿಲಿಂಡರಿನ ಕಾಯಿಲ್ ಹೋಗಿತ್ತು. ಎಂಜಿನ್ ಕುಂಟುತ್ತಿತ್ತು, ದೀಪ ಮಿಣಮಿಣ ಅನ್ನುತ್ತಿತ್ತು. ಆ ದೀಪ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹಾಗೇ ಹೊರಬಿದ್ದು, ಕೆಂಪಗೆ ಕಾದ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದರ್ಥ. ವೇಗ ಇಳಿಸಿ ಬದಿಗೆ ನಿಲ್ಲಿಸಬೇಕು. ನಾವು ಐದು ವಾರ ಓಡಿಸಿದೆವು. ಒಂದು ಕಾಯಿಲಿಗೆ 120 ದಿರ್ಹಂ. ಯಾರ ಬಳಿಯೂ ಇರಲಿಲ್ಲವೆಂದಲ್ಲ. ನಾಲ್ವರ ಗಾಡಿ, ನಾನು ಓಡಿಸುವಾಗ ಹೋದದ್ದಲ್ಲ ಎಂದು ಒಬ್ಬ, ಕಳೆದ ಸಲ ಟಯರಿಗೆ ನಾನೇ ಕೊಟ್ಟೆ ಎಂದು ಇನ್ನೊಬ್ಬ. ಹುಬ್ಬಳ್ಳಿಯ ತಮ್ಮನೊಬ್ಬನೇ “ಆ ದೀಪ ಹಚ್ಚ್ಯಾರಿಸ್ತದಲ್ರಿ” ಎಂದು ದಿನಾ ಹೇಳುತ್ತಿದ್ದ. ಲೈಸೆನ್ಸ್ ಇಲ್ಲದವನ ಮಾತನ್ನು ಯಾರು ಕೇಳುತ್ತಾರೆ!

ಕೆಲವರು ಒಳಗಿನದನ್ನು ಒಡೆದು ತೆಗೆದು ಖಾಲಿ ಡಬ್ಬಿ ಹಾಕಿಸಿಕೊಳ್ಳಿ, ಖರ್ಚೇ ಇಲ್ಲ ಎನ್ನುತ್ತಾರೆ. ಕಾಕನೂ ಇದನ್ನು ಮಾಡಬಲ್ಲವರೇ, ಮಾಡುವುದಿಲ್ಲ ಎಂದರು. ಹೊಗೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪಾಸಿಂಗ್ ಇಲ್ಲ, ಮೂರು ವರ್ಷ ದಾಟಿದ ಗಾಡಿಗೆ ಇಲ್ಲಿ ಪ್ರತಿ ವರ್ಷ ಪಾಸಿಂಗ್ ಉಂಟು. ಇನ್ನೊಂದು: ಆ ಹಳೆ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ. ಬದಲಿಸಿದರೆ ಹಳೆಯದನ್ನು ಕೇಳಿ ಪಡೆದುಕೊಳ್ಳಿ, ಅಥವಾ ಬಿಲ್ಲಿನಲ್ಲಿ ಕಳೆಯಲು ಹೇಳಿ.

ಡೀಸೆಲ್ ಪಿಕಪ್, ಬಸ್ಸು ಓಡಿಸುವ ಬಂಧುಗಳಿಗೆ ಎರಡು ಮಾತು ಸೇರಿಸಲು ಕಾಕ ಹೇಳಿದ್ದಾರೆ. ಅಲ್ಲಿ ಮೊದಲು ನೋಡಬೇಕಾದದ್ದು ಡೀಸೆಲ್ ಫಿಲ್ಟರ್ ಮತ್ತು ಅದರ ಅಡಿಯಲ್ಲಿ ನಿಂತ ನೀರು. ಟರ್ಬೊ ಇದ್ದರೆ ಅದರ ರಬ್ಬರ್ ಪೈಪು ಬಿಸಿಲಿಗೆ ಬಿರಿದು, ಎಳೆಯುವಾಗ ಸುಯ್ ಎಂಬ ಸದ್ದು ಬರುತ್ತದೆ. ಪೈಪಿನ ಸುತ್ತ ಎಣ್ಣೆಯ ಪಸೆ ಕಂಡರೆ ಅಲ್ಲೇ ಬಿರುಕು ಹುಡುಕಿ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು, ನೀಲಿಯೆಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ನೋಡಿ. ಮತ್ತೆ, ಯಾವ ಗಾಡಿಯಾದರೂ ಸರಿ, ಶಟರ್ ಎಳೆದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಟ್ಟು ಪರೀಕ್ಷೆ ಬೇಡ. ಆ ಹೊಗೆಗೆ ವಾಸನೆಯಿಲ್ಲದ ವಿಷವುಂಟು.

ನಮ್ಮ ಬಿಲ್ಲು ಹೀಗಾಯಿತು: ಹೊಸ ಕನ್ವರ್ಟರ್ 850, ಗ್ಯಾಸ್ಕೆಟ್ ಬೋಲ್ಟು 60, ಎರಡು ದಿನದ ಕೂಲಿ 250. ಒಟ್ಟು 1,160 ದಿರ್ಹಂ, ತಲೆಗೆ 290. ತಮ್ಮನ ಪಾಲನ್ನು ನಾವು ಮೂವರು ಹಂಚಿಕೊಂಡೆವು. ದೀಪದ ಮಾತು ಕೇಳದ ದಂಡ ಎಂದು ಅವನಿಗೆ ಹೇಳಿದೆವು, ಅವನು ಬೇಡವೆಂದ, ಆಮೇಲೆ ಒಪ್ಪಿದ. ಫೀಸು ಆ ತಿಂಗಳ 5ನೇ ತಾರೀಕಿಗೇ ಹೋಯಿತು. ಈಗ ಅಡುಗೆ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಗಾಡಿಯದ್ದೊಂದು ಪುಸ್ತಕ ತೂಗುತ್ತಿದೆ. ಯಾರು ಓಡಿಸಿದರೂ ಏನು ಕಂಡಿತು, ಏನು ಕೇಳಿಸಿತು ಎಂದು ಬರೆಯಬೇಕು. ಬರೆಯುವ ಅಧಿಕಾರ ಲೈಸೆನ್ಸ್ ಇಲ್ಲದವನಿಗೂ ಇದೆ.

ಎರಡು ವಾರ ಬಿಟ್ಟು ಮತ್ತೆ ಕಲ್ಬಾಕ್ಕೆ ಹೋದೆವು, ಕಾಕನನ್ನೂ ಕರೆದುಕೊಂಡು. ಅದೇ ಏರಿನಲ್ಲಿ ಗಾಡಿ 100ರಲ್ಲಿ ಹತ್ತಿತು, ಏಸಿ ಹಾಕಿಕೊಂಡೇ. ಕಾಕ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು, ಸುರಂಗ ದಾಟಿದ್ದೂ ಅವರಿಗೆ ಗೊತ್ತಾಗಲಿಲ್ಲ.